ಓದಿ ಹೇಳದ ಕಾಗದ, ಒತ್ತಿಸಿಕೊಂಡ ಹೆಬ್ಬೆಟ್ಟು

ಮಾನ್ಯ ದಸ್ತಾವೇಜು ನೋಂದಣಿ ಅಧಿಕಾರಿಗಳೇ,

ನಿಮ್ಮ ಕಚೇರಿ ಸುಳ್ಳು ಬರೆದಿದೆ. ಬುಧಗಾಂವದ ಕೆಂಪವ್ವ ಮಾಲಗಾಂವದಲ್ಲಿರುವ ತನ್ನ ಪಾಲಿನ ಒಂದೆಕರೆ ಹೊಲವನ್ನು ತಮ್ಮನಾದ ಧೋಂಡಪ್ಪನಿಗೆ ಬಿಟ್ಟುಕೊಟ್ಟಳೆಂದು ಹೋದ ತಿಂಗಳು ನೀವು ಒಂದು ಮರಾಠಿ ಪತ್ರ ನೋಂದಾಯಿಸಿದಿರಿ. ಅದರ ಕೊನೆಗೆ, 'ಸದರಿ ಮಜಕೂರನ್ನು ಕನ್ನಡದಲ್ಲಿ ಓದಿ ಹೇಳಲಾಗಿದೆ, ತಿಳಿದು ಹೆಬ್ಬೆಟ್ಟು ಒತ್ತಿದ್ದಾಳೆ' ಎಂದಿದೆ. ಯಾರು ಓದಿದರು ಸ್ವಾಮಿ? ಕನ್ನಡ ಬಲ್ಲ ಒಬ್ಬ ನೌಕರನಾದರೂ ನಿಮ್ಮಲ್ಲಿದ್ದಾನೆಯೇ? ಆ ವಾಕ್ಯ ನಿಮ್ಮ ಮೇಜಿನ ಮೇಲೆ ರಬ್ಬರ್ ಶಿಕ್ಕಾ ಆಗಿ ಕೂತಿದೆ. ಭಲೇ! ಗಡಿಯ ಈಚೆ ಉಳಿದ ನಮ್ಮ ಭಾಷೆಗೆ ಸರಕಾರ ಕೊಟ್ಟ ಮರ್ಯಾದೆ ಒಂದು ಶಿಕ್ಕಾ, ಅದೂ ಮರಾಠಿಯಲ್ಲಿ.

ನಡೆದದ್ದನ್ನು ಕೇಳಿ. ಕೃಷ್ಣೆಯ ನೀರೆತ್ತುವ ಸಹಕಾರಿ ಸೊಸೈಟಿಗೆ ಸದಸ್ಯಳನ್ನಾಗಿ ಮಾಡಿಸುತ್ತೇನೆ, ನಿನ್ನ ಹೊಲಕ್ಕೂ ನೀರು ಬರುತ್ತದೆ ಎಂದು ನಂಬಿಸಿ ಧೋಂಡಪ್ಪ ಅಕ್ಕನನ್ನು ನಿಮ್ಮ ಕಚೇರಿಗೆ ಕರೆತಂದ. ನಿಮ್ಮ ಗುಮಾಸ್ತ ತಲೆ ಎತ್ತದೆ, "ಸಮಜಲಂ ಕಾ, ಆಜಿ?" ಎಂದ, ತಿಳಿಯಿತೇ ಅಜ್ಜಿ ಎಂದು. ನಾನು ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಕೆಂಪವ್ವ "ಹೋಯ್" ಎಂದರು. ಸಾಹೇಬರು ಮರಾಠಿಯಲ್ಲಿ ಏನು ಕೇಳಿದರೂ ಹೌದೆಂದುಬಿಡುವುದು ನಮ್ಮ ಹಿರಿಯರ ರೂಢಿ. ಮರ್ಯಾದೆಗೆ ಆಡಿದ ಆ ಮಾತಿಗೆ ಹೊಲ ಹೋಯಿತು.

ಹೋದ ವಾರ ಸಾತಬಾರಾ ಪಹಣಿಯಿಂದ ಅವರ ಹೆಸರು ತೆಗೆಯುವ ನೋಟೀಸು ಬಂತು. ಅದನ್ನು ಸೆರಗಿನಲ್ಲಿ ಜೋಪಾನವಾಗಿ ಕಟ್ಟಿಕೊಂಡು ನನ್ನ ಕಿರಾಣಿ ಅಂಗಡಿಗೆ ತಂದರು.

"ಧನ್ಯಾ, ನೀರು ಯಾವಾಗ ಬಿಡ್ತಾರಂತ ನೋಡಪಾ."

"ಮಾವಶಿ, ಇದರಾಗ ನೀರಿಂದ ಏನೂ ಇಲ್ಲರಿ. ಹೊಲಾ ಬಿಟ್ಟುಕೊಟ್ಟೀರಿ ಅಂತ ಬರದೈತ್ರಿ."

ಅವರು ನನ್ನ ಕೈಯಿಂದ ಕಾಗದ ಕಿತ್ತುಕೊಂಡರು. "ನಾ ಯಾಕ ಬಿಡ್ಲೋ? ಗಂಡ ಸತ್ತ ಮ್ಯಾಲ ಅದನ್ನ ನೆಚ್ಚಿ ಬದಕೇನಿ. ಅವತ್ತ ನೀನೂ ಅಲ್ಲೇ ಇದ್ದೆಲ್ಲೋ!"

ಇದ್ದೆ, ಮಾನ್ಯರೇ. ಕನ್ನಡದಲ್ಲಿ ಓದಿ ಹೇಳಿದ್ದಕ್ಕೆ ಸಾಕ್ಷಿ ಎಂದು ಸಹಿ ಹಾಕಿದವನು ನಾನೇ. ಎರಡೂ ಭಾಷೆ ಬಲ್ಲವನೆಂದು ಧೋಂಡಪ್ಪ ನನ್ನನ್ನು ಕರೆದೊಯ್ದಿದ್ದ. ಅಂಗಡಿಯಲ್ಲಿ ಗಿರಾಕಿಗಳಿದ್ದಾರೆಂಬ ಗಡಿಬಿಡಿಯಲ್ಲಿ ಒಂದು ಸಾಲೂ ಓದದೆ ಗೀಚಿ ಬಂದೆ. ಛೀ, ನನ್ನ ಜನ್ಮಕ್ಕಿಷ್ಟು! ನಾಲ್ಕು ದಿನದಿಂದ ಮಾವಶಿ ನಮ್ಮ ಅಂಗಡಿಯ ಕಡೆ ಮುಖ ಹಾಕಿಲ್ಲ.

ತಕರಾರಿನ ಮುದ್ದತು ಸೋಮವಾರಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಅವರನ್ನು ಕರೆಸಿ, ಕುರ್ಚಿ ಕೊಟ್ಟು ಕೂರಿಸಿ, ಕನ್ನಡ ಬಲ್ಲವರಿಂದ ಆ ಪತ್ರವನ್ನು ಸಾಲುಸಾಲಾಗಿ ಓದಿಸಿ. ಆಮೇಲೆ ಅವರು ಏನನ್ನುತ್ತಾರೋ ಅದನ್ನು ಬರೆದುಕೊಂಡು, ಹೆಸರು ತೆಗೆಯದಂತೆ ಕಂದಾಯ ಕಚೇರಿಗೆ ತಿಳಿಸಿರಿ. ಸುಳ್ಳು ಸಾಕ್ಷಿಗಾಗಿ ನನ್ನ ಮೇಲೆ ಖಟ್ಲೆ ಹಾಕಿ. ಬರುತ್ತೇನೆ, ತಪ್ಪೊಪ್ಪಿಕೊಳ್ಳುತ್ತೇನೆ. ಆದರೆ ಕಟಕಟೆಯಲ್ಲಿ ನಾನೊಬ್ಬನೇ ನಿಲ್ಲುವುದಿಲ್ಲ, ನೀವೂ ಬರಬೇಕು.

ಇಂತಿ,
ಓದು ಬಂದೂ ಓದದ ಸಾಕ್ಷಿದಾರ,
ಧನ್ಯಕುಮಾರ, ಬುಧಗಾಂವ