ಮುಟ್ಟದೆ ಬಿದ್ದ ಕೋಲು

ಚುಚ್ಚುಮಾತಿನ ಅಕ್ಕನಿಗೆ ನಮಸ್ಕಾರ.

ನಮ್ಮ ಲ್ಯಾಬಿನಲ್ಲಿ ಒಂದು ಪುಟ್ಟ ಗಾಡಿಯಿದೆ. ಹಿಂದೆ ಮುಂದೆ ಓಡಾಡುತ್ತಾ, ಬೆನ್ನ ಮೇಲಿನ ಕೋಲು ಬೀಳದಂತೆ ನಿಲ್ಲಿಸಿಕೊಳ್ಳುವುದನ್ನು ತಾನೇ ಕಲಿಯುತ್ತದೆ. ಪಾಪ, ಅದಕ್ಕೆ ತೊಂದರೆಯಾಗದಿರಲಿ ಅಂತ ನಾನು ‘ಮುಟ್ಟಬೇಡಿ’ ಎಂದು ಚೀಟಿ ಅಂಟಿಸಿದೆ. ನಾಲ್ಕನೇ ದಿನ ಯಾರೂ ಮುಟ್ಟದೆಯೇ ಕೋಲು ಧೊಪ್ಪನೆ ಬಿತ್ತು! ಗೈಡ್ ಮೇಡಂ ನಕ್ಕುಬಿಟ್ಟರು. “ಯಾರೂ ತಳ್ಳದಿದ್ರೆ ಅದು ಕಲಿತದ್ದನ್ನೂ ಮರೆಯುತ್ತಪ್ಪಾ. ಬಂದುಹೋಗೋರೆಲ್ಲ ಒಂದೊಂದು ಸಲ ತಿವೀಬೇಕು.” ತಕ್ಷಣ ನೀನು ನೆನಪಾದೆ. ಈ ಕೆಲಸದಲ್ಲಿ ನಿನ್ನಷ್ಟು ಅನುಭವ ಯಾರಿಗಿದೆ!

ಕೆಮ್ಮು ಹೋಯಿತು, ಊಟ ಸರಿಯಾಗಿದೆ. ಆದರೆ ಇಲ್ಲಿ ಎಲ್ಲರೂ ನನ್ನನ್ನು ಬಹಳ ಮರ್ಯಾದೆಯಿಂದ ಮಾತಾಡಿಸುತ್ತಾರೆ. ನಿನ್ನ ಬೈಗುಳದ ಕಾಗದ ಬಂದು ತಿಂಗಳಾಯಿತು. ವಾಲುತ್ತಿದ್ದೇನೆ, ಬೇಗ ಬರಿ.

ನಿನ್ನ ಸೋಂಬೇರಿ ತಮ್ಮ