ಹಳದಿ ಬಣ್ಣದ ದಿನ

ಕ್ಯಾನ್ಸಸ್
ಜೂನ್ 21

ಪ್ರೀತಿಯ ಆರ್ಡಿತ್ ಅಕ್ಕನಿಗೆ,

ನಿನ್ನ ಎರಡೂ ಕಾಗದ ತಲುಪಿದವು. ಉತ್ತರ ತಡವಾಯಿತು, ಬಿಡುವಿರಲಿಲ್ಲ ಎಂದರೆ ಸುಳ್ಳಾದೀತು. ಮಂಡಿಯ ಆಪರೇಶನ್ನಿನಿಂದಾಗಿ ಜೊಲೀನ್ ಅತ್ತಿಗೆಯನ್ನು ಮಣ್ಣು ಮಾಡುವಾಗ ಬರಲಾಗಲಿಲ್ಲವೆಂದು ಕೊರಗಬೇಡ. ಚರ್ಚಿನ ನೆಲಮಾಳಿಗೆಯಲ್ಲಿ ಊಟವಿತ್ತು. ಡ್ಯಾರೆಲ್ ಅಣ್ಣ ಎರಡು ಸಲ ಬಡಿಸಿಕೊಂಡ.

ಸುಂಟರಗಾಳಿಯ ಸೈರನ್ ಏಕೆ ತಡವಾಯಿತೆಂದು ಕೇಳಿದ್ದೀಯ. ಆ ದಿನ ಗುಡುಗುಮಳೆಯ ಮುನ್ಸೂಚನೆಯ ನಕ್ಷೆಯಲ್ಲಿ ನಾವು ಹಳದಿಯಲ್ಲಿದ್ದೆವು. ಅಪಾಯದ ಐದು ಮೆಟ್ಟಿಲಲ್ಲಿ ಕೆಳಗಿನಿಂದ ಎರಡನೆಯದು. ಹಳದಿಗೆ ಇಲ್ಲಿ ಯಾರೂ ಒಣಗಿದ ಬಟ್ಟೆ ಕೂಡ ಒಳಗೆ ತರುವುದಿಲ್ಲ. ಮೋಡ ಕಾಯುವ ಸ್ವಯಂಸೇವಕ ಈಗಲೂ ನಾನೊಬ್ಬನೇ. ದಿಬ್ಬದ ಮೇಲಿಂದ ನಾನು ರೇಡಿಯೊದಲ್ಲಿ ಹೇಳಿದರೆ ಸೈರನ್ ಕೂಗುತ್ತದೆ. ಏಪ್ರಿಲ್‌ನಲ್ಲಿ ಬರೀ ಧೂಳು ನೋಡಿ ಕೂಗಿಸಿದ್ದೆ. ಊರೆಲ್ಲ ಎರಡು ಗಂಟೆ ನೆಲಮಾಳಿಗೆಯಲ್ಲಿ ಕೂತಿತ್ತು. ಅಂದಿನಿಂದ ಗೋದಿಯ ಗೋದಾಮಿಗೆ ಕಾಫಿಗೆ ಹೋದರೆ ಅಣ್ಣನದು ಒಂದೇ ರಾಗ.

"ಸೈರನ್ ಸಾಹೇಬ್ರು ಬಂದ್ರು, ಜಾಗ ಬಿಡ್ರೋ. ಏನಪ್ಪಾ, ಇವತ್ತು ಯಾರ ಸಿಗರೇಟ್ ಹೊಗೆ ಕಂಡೆ?"

ಆ ಬೆಳಿಗ್ಗೆಯೂ ಅಂದ. ಎಲ್ಲರೂ ನಕ್ಕರು.

ಸಂಜೆ ಆಲಿಕಲ್ಲು ಶುರುವಾದಾಗ ಅತ್ತಿಗೆ ಅಣ್ಣನ ಹೊಸ ಟ್ರಕ್ಕನ್ನು ಶೆಡ್ಡಿಗೆ ಹಾಕಲು ಓಡಿದಳು. ಸೈರನ್ ಇಲ್ಲವೆಂದರೆ ಬರೀ ಆಲಿಕಲ್ಲು. ನಾವೆಲ್ಲ ಮಾಡುವುದು ಅದನ್ನೇ. ಸುಂಟರಗಾಳಿ ಶೆಡ್ಡನ್ನು ಒಯ್ದಿತು. ಮನೆಯ ಒಂದು ಗಾಜೂ ಒಡೆಯಲಿಲ್ಲ. ಸೈರನ್ ಆಮೇಲೆ ಕೂಗಿತು.

ನಿನ್ನೆ ಅಣ್ಣ ಬಂದು ನನ್ನ ಮೆಟ್ಟಿಲ ಮೇಲೆ ಕೂತ. "ಹಳದಿ ಇತ್ತು ಕಣೋ. ಅಷ್ಟು ಮಳೇಲಿ ನಿಂಗೆ ಹ್ಯಾಗೆ ಕಾಣ್ಬೇಕು? ತಲೆಗೆ ಹಚ್ಕೋಬೇಡ" ಅಂದ. ಸಾಹೇಬ್ರು ಅನ್ನಲಿಲ್ಲ. ಅತ್ತಿಗೆ ನನಗೆಂದು ತೆಗೆದಿಟ್ಟಿದ್ದ ಚೆರ್ರಿ ಜಾಮಿನ ಬಾಟಲಿ ಕೊಟ್ಟು ಹೋದ. ಅದು ಇಲ್ಲೇ ಮೇಜಿನ ಮೇಲಿದೆ.

ಮಂಡಿ ಬೇಗ ಗುಣವಾಗಲಿ. ದೇವರು ನಿನ್ನನ್ನೂ ಮಕ್ಕಳನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ತಮ್ಮ,
ವರ್ಲಿನ್

ತಾ.ಕ.: ದಿಬ್ಬದ ಮೇಲೆ ಮಳೆ ಇರಲಿಲ್ಲ. ಮೋಡದಿಂದ ಸುಂಟರಗಾಳಿಯ ಬಾಲ ಇಳಿಯುತ್ತಿದ್ದುದು ಸ್ಪಷ್ಟವಾಗಿ ಕಾಣುತ್ತಿತ್ತು. ಅದು ಹೋಗುತ್ತಿದ್ದುದು ಅಣ್ಣನ ಮನೆಯ ಕಡೆಗೆ. ಅವನೇ ಫೋನ್ ಮಾಡಿ ಕೇಳಲಿ, ಆಮೇಲೆ ಹೇಳೋಣ ಎಂದು ಕಾದೆ. ಇನ್ನೂ ಹೊತ್ತಿದೆ ಅನ್ನಿಸಿತ್ತು. ಫೋನ್ ಬಂತು. ಅತ್ತಿಗೆ.

"ವರ್ಲಿನ್, ಬರೀ ಆಲಿಕಲ್ಲು ತಾನೇ? ಟ್ರಕ್ ಒಳಗೆ ಹಾಕ್ಲಾ?"

"ಅದನ್ನ ಅಣ್ಣ ಕೇಳ್ಲಿ ಅತ್ತಿಗೆ."

"ಅವ್ರು ಮಲಗಿದಾರೆ ಕಣಪ್ಪ" ಎಂದು ನಕ್ಕಳು.

ನಾನು ಸುಮ್ಮನಿದ್ದೆ. ಅದನ್ನು ಅವಳು ಹೌದು ಎಂದುಕೊಂಡಳು.