ಬೀಗಿತ್ತಿ ಕಲಿಸದ ಮಾತು

ಮನೆಯಿಂದ,
ಹನ್ನೊಂದನೇ ತಾರೀಖು, ಗುರುವಾರ ಮಧ್ಯಾಹ್ನ

ಪ್ರೀತಿಯ ಮಗನೇ,

ಸೊಂಟನೋವು ಹೇಗಿದೆ? ಹಡಗಿನ ಹೊಟ್ಟೆಯೊಳಗೆ ಬಗ್ಗಿಕೊಂಡು ವೈರು ಎಳೆಯುವ ಕೆಲಸ, ಅದರ ಜೊತೆಗೆ ಎಂಜಿನ್ನಿನ ಕಾವು. ನಾನು ಹೊಲಿದುಕೊಟ್ಟ ಉಣ್ಣೆಯ ನಡುಪಟ್ಟಿ ಪೆಟ್ಟಿಗೆಯ ತಳದಲ್ಲೇ ಬಿದ್ದಿರಬೇಕು, ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ. ದಿನಾ ರಾತ್ರಿ ಅದನ್ನು ಕಟ್ಟಿಕೊಂಡೇ ಮಲಗು. ಫೋನಿನಲ್ಲಿ ಕೇಳಿದರೆ "ಎಲ್ಲಾ ಸರಿ ಇದೆ ಅಮ್ಮ" ಅನ್ನುತ್ತೀಯ, ಅಷ್ಟರಲ್ಲಿ ಲೈನು ಕಟ್ಟಾಗುತ್ತದೆ. ಅದಕ್ಕೇ ಕಾಗದ ಹಿಡಿದು ಕೂತೆ. ಹೇಳಬೇಕಾದ ವಿಷಯವೂ ಫೋನಿನಲ್ಲಿ ಹೇಳುವಂಥದ್ದಲ್ಲ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಮಗಳು ಪುಟ್ಟಿ ಈಗ ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾಳೆ, ನನ್ನ ಅಳತೆ ಟೇಪಿನ ತುದಿಯಂತೂ ನಾರುನಾರಾಗಿದೆ. ನಿನ್ನ ಹೆಂಡತಿ ಲ್ಯಾಬಿನ ಕೆಲಸಕ್ಕೆ ಮರಳಿ ತಿಂಗಳಾಯಿತು. ಹಗಲೆಲ್ಲ ಮನೆಯಲ್ಲಿ ಉಳಿಯುವುದು ಮಗು, ನಾನು ಮತ್ತು ನಿನ್ನ ಅತ್ತೆ.

ನಾನು ಅವರಿಂದ ಚೀನೀ ಭಾಷೆ ಕಲಿಯುತ್ತಿದ್ದೇನೆ. ನಗಬೇಡ. ಇಬ್ಬರು ಅಜ್ಜಿಯರ ನಡುವೆ ಒಂದು ಕೂಸು, ಕೈಸನ್ನೆಯಲ್ಲಿ ಎಷ್ಟು ದಿನ ಅಂತ ಏಗುವುದು? ನನ್ನ ಹೊಲಿಗೆ ಮಿಷಿನ್ನಿನ ಪಕ್ಕದಲ್ಲೇ ನಮ್ಮ ಪಾಠ. ಅವರು ಕತ್ತರಿ ಎತ್ತಿ ಹಿಡಿದು ಅದರ ಹೆಸರು ಹೇಳುತ್ತಾರೆ, ನಾನು ಹೇಳುತ್ತೇನೆ, ಅವರು ತಲೆ ಅಲ್ಲಾಡಿಸುತ್ತಾರೆ. ಅಕ್ಷರಕ್ಕಿಂತ ರಾಗವೇ ಕಷ್ಟ. "ಮಾ" ಎಂದು ಒಂದೇ ಸಮ ಎಳೆದರೆ ಅಮ್ಮ, ತಗ್ಗಿಸಿ ಎತ್ತಿದರೆ ಕುದುರೆ. ಒಂದು ದಿನ ನಾನು ಬಹಳ ಮರ್ಯಾದೆಯಿಂದ "ನಿಮ್ಮ ಕುದುರೆ ಬದುಕಿದ್ದಾಳೆಯೇ" ಎಂದು ಕೇಳಿದೆನಂತೆ. ಅವರ ಭಾಷೆಯಲ್ಲಿ ಎರಡಕ್ಕೆ "ಆರ್" ಅನ್ನುತ್ತಾರೆ. ಹಾಲಿನಪುಡಿಯ ಚಮಚ ಎಣಿಸುತ್ತ ಅವರು "ಆರ್" ಎಂದರೆ ನಾನು ಆರು ಚಮಚ ಸುರಿದಿದ್ದೆ. ಪುಣ್ಯಕ್ಕೆ ಅವರು ಬಾಟಲಿ ಕಿತ್ತುಕೊಂಡರು. ಆದರೆ ಒಂದು ವಿಷಯದಲ್ಲಿ ಅವರು ನಮ್ಮವರೇ. ಅಕ್ಕನಿಗೆ ಒಂದು ಮಾತು, ತಂಗಿಗೆ ಇನ್ನೊಂದು. ನಾನು ಹಿರಿಯಳೆಂದು ಗೊತ್ತಾದ ದಿನದಿಂದ ನನ್ನನ್ನು "ಜ್ಯೆಜ್ಯೆ" ಎಂದೇ ಕರೆಯುತ್ತಾರೆ. ಅಕ್ಕ ಅಂತ.

ನಮ್ಮ ರೀತಿಯನ್ನೂ ಅವರು ಕೇಳದೆ ಬಿಡುವುದಿಲ್ಲ. ನಾನು ಅಂಗಡಿಗೆ ಹೊರಟು "ಹೋಗಿ ಬರ್ತೀನಿ" ಎಂದಾಗಲೆಲ್ಲ, ಹೋಗುವವಳು ಬರುತ್ತೇನೆ ಅಂತ ಯಾಕೆ ಹೇಳುತ್ತಾಳೆ ಎಂದು ಸೊಸೆಯ ಬಾಯಲ್ಲಿ ಕೇಳಿಸಿದರು. ಬರೀ ಹೋಗ್ತೀನಿ ಅಂದರೆ ಅಪಶಕುನ ಎಂದೆ. ಹಾಗಂದ ಮೇಲೆ ಅವರ ಶಕುನಗಳನ್ನು ಆಡಿಕೊಳ್ಳಲು ನನಗೆ ಬಾಯಿಯೆಲ್ಲಿ? ಅವರು ನಾಲ್ಕು ಎಂಬ ಅಂಕಿಯನ್ನು ಬಾಯಿಂದ ಆಡುವುದಿಲ್ಲ. ಪುಟ್ಟಿಯನ್ನು ಎತ್ತಿಕೊಂಡು ಮೆಟ್ಟಿಲೇರುವಾಗ ಒಂದು, ಎರಡು, ಮೂರು, ಐದು. ಅವರ ಭಾಷೆಯಲ್ಲಿ ನಾಲ್ಕಕ್ಕೂ ಸಾವಿಗೂ ಒಂದೇ ಥರದ ಸದ್ದು, ರಾಗವಷ್ಟೇ ಬೇರೆ. ಅವರವರ ಪದ್ಧತಿ ಎಂದು ನಾನೂ ಅವರ ಮುಂದೆ ಗುಂಡಿ ಎಣಿಸುವಾಗ ನಾಲ್ಕನ್ನು ನುಂಗಲು ಕಲಿತೆ. ಒಂದು ಸಂಜೆ ಇದನ್ನು ನೋಡಿ ನಿನ್ನ ಹೆಂಡತಿ ನಕ್ಕಳು. "ಮನೆ ನಂಬರು, ಫೋನ್ ನಂಬರು ತಗೊಳ್ಳೋವಾಗ ಕೆಲವರು ನೋಡ್ತಾರೆ ಅತ್ತೆ. ಎಣಿಸೋವಾಗ ಯಾರೂ ಬಿಡಲ್ಲ. ನಮ್ಮಮ್ಮ ಒಬ್ರೇ ಹಂಗೆ." ಆ ಮಾತು ಸಣ್ಣ ಸೂಜಿಯ ಹಾಗೆ ನನ್ನೊಳಗೆ ಎಲ್ಲೋ ಸಿಕ್ಕಿಕೊಂಡಿತು.

ಇನ್ನೊಂದು ಅಭ್ಯಾಸವಿತ್ತು. ಮಧ್ಯಾಹ್ನ ಪುಟ್ಟಿ ಮಲಗಿದ ಮೇಲೆ ನಿನ್ನ ಅತ್ತೆ ಮುಂಬಾಗಿಲಿಗೆ ಹೋಗಿ, ಸಂದಿಗೆ ಬಾಯಿ ಹತ್ತಿರ ಇಟ್ಟು, ಸಣ್ಣ ದನಿಯಲ್ಲಿ ಏನೋ ಹೇಳುತ್ತ ನಿಲ್ಲುತ್ತಿದ್ದರು. ಪ್ರಾರ್ಥನೆ ಇರಬೇಕು ಅಂದುಕೊಂಡಿದ್ದೆ. ಹೊರಗೆ ಮೆಟ್ಟಿಲ ಮೇಲೆ ಯಾರಾದರೂ ಬಂದರೆ ತಾನಾಗಿ ಹತ್ತಿಕೊಳ್ಳುವ ದೀಪವಿದೆಯಲ್ಲ, ನೀನೇ ಹೋದ ರಜೆಯಲ್ಲಿ ಅದರ ಸೆನ್ಸರ್ ಬದಲಿಸಿದ್ದು, ಅದು ಆ ಹೊತ್ತಿಗೆ ಹತ್ತಿಕೊಂಡಿರುತ್ತಿತ್ತು. ಬಾಗಿಲ ಮೇಲಿನ ಗಾಜಿನಲ್ಲಿ ಬೆಳಕು ಕಾಣುತ್ತಿತ್ತು, ಹೆಜ್ಜೆಯ ಸದ್ದು ಮಾತ್ರ ಇಲ್ಲ. ಬೆಳಕು ಆರಿದ ಮೇಲೆ ಅವರು ಬಂದು ನೀರು ಕುಡಿಯುತ್ತಿದ್ದರು. ಮಾತು ತಿಳಿಯದ ತನಕ ನನಗೆ ಅದರಲ್ಲಿ ಹೆದರುವಂಥದ್ದೇನೂ ಕಂಡಿರಲಿಲ್ಲ. ಒಂದು ಬೆಳಿಗ್ಗೆ ನಾನು ಕಾದ ಇಸ್ತ್ರಿಪೆಟ್ಟಿಗೆಗೆ ಕೈಹಾಕಲು ಹೋದಾಗ ಅವರು "ಬ್ಯೆ, ಬ್ಯೆ" ಎಂದು ತಡೆದರು. ಬೇಡ, ಕೂಡದು ಅಂತ ಅದರ ಅರ್ಥ. "ಲಾಯ್" ಅಂದರೆ ಬಾ, ಅದು ಮೊದಲ ವಾರದ ಪಾಠ. ಅದೇ ಮಧ್ಯಾಹ್ನ ನಾನು ಅಂಗಿಯ ಗುಂಡಿಗೆ ಕಾಜಾ ಹಾಕುತ್ತ ಕೂತಿದ್ದಾಗ ಬಾಗಿಲ ಹತ್ತಿರದ ಪಿಸುಮಾತು ಹೊಲಿಗೆ ಬಿಚ್ಚಿದಂತೆ ಎರಡು ತುಂಡಾಗಿ ನನ್ನ ಕಿವಿಗೆ ಬಿತ್ತು. ಬ್ಯೆ ಲಾಯ್. ಬ್ಯೆ ಲಾಯ್. ಬರಬೇಡ, ಬರಬೇಡ. ಗದರುವ ದನಿಯಲ್ಲ ಮಗನೇ, ಅಂಗಲಾಚುವ ದನಿ. ಸೂಜಿ ಬೆರಳಿಗೆ ಚುಚ್ಚಿದ್ದು ನನಗೆ ರಕ್ತ ನೋಡಿದ ಮೇಲೇ ಗೊತ್ತಾಯಿತು.

ನಿನ್ನ ಹೆಂಡತಿಯನ್ನು ಅವರು ಮುದ್ದಿಗೆ "ಆರ್ ಯಾ" ಎಂದು ಕರೆಯುವುದನ್ನು ನೀನೂ ಕೇಳಿದ್ದೀಯ. ಎರಡನೇ ಹುಡುಗಿ ಅಂತ. ಒಬ್ಬಳೇ ಮಗಳು ಎರಡನೆಯವಳು ಹೇಗಾದಳು ಎಂದು ನಾನು ಸೊಸೆಯನ್ನು ಕೇಳಿದ್ದೆ. ದೊಡ್ಡಪ್ಪನ ಮಗಳನ್ನು ಸೇರಿಸಿ ಎಣಿಸುತ್ತಾರೆ, ನಮ್ಮಮ್ಮ ಹಾಗೇ ಹೇಳಿರೋದು ಎಂದಿದ್ದಳು. ಇರಬಹುದು, ಅವರ ಕಡೆ ಹಾಗೂ ಉಂಟಂತೆ. ಆದರೂ ಮನಸ್ಸು ಕೇಳಲಿಲ್ಲ. ಮರುದಿನ ಬೀಗಿತ್ತಿಯ ಎದುರು ಕೂತು, ನನಗಿದ್ದ ಮೂರು ಮತ್ತೊಂದು ಮಾತಿನಲ್ಲೇ ಕೇಳಿದೆ. ಆರ್ ಯಾ ಲ್ಯಾಬಿನಲ್ಲಿ. ದಾ ಯಾ ಎಲ್ಲಿ? ದೊಡ್ಡವಳು ಎಲ್ಲಿ?

 ಅವರು ಮೊಬೈಲು ತೆಗೆದು, ಅವರ ಮಾತನ್ನು ನಮ್ಮ ಭಾಷೆಗೆ ತಿರುಗಿಸುವ ಆ ಹೆಣ್ಣುದನಿಗೆ ಹೇಳತೊಡಗಿದರು. ಬಸ್ಸಿನ ವೇಳೆ ಓದುವ ಅದೇ ಸಪ್ಪೆ ದನಿ ನನಗೆ ಹೇಳಿತು: "ನನ್ನ ದೊಡ್ಡ ಮಗಳು ಬಾಗಿಲು ತಟ್ಟಿದಳು. ನಾನು ತೆಗೆಯಲಿಲ್ಲ." ಆಗ ನಿನ್ನ ಹೆಂಡತಿ ಇನ್ನೂ ಹೊಟ್ಟೆಯಲ್ಲಿ. ದೊಡ್ಡವಳಿಗೆ ನಾಲ್ಕು ವರ್ಷ. ಮೈಮೇಲೆ ಕೆಂಪು ಗುಳ್ಳೆ ಎದ್ದು ಜ್ವರ ಬಂತು. ಬಸುರಿಗೆ ಅಂಟಿದರೆ ಹೊಟ್ಟೆಯ ಕೂಸಿಗೆ ಅಪಾಯ ಎಂದು ಡಾಕ್ಟರು ಹೇಳಿದ್ದರಿಂದ ಮಗುವನ್ನು ಎದುರುಮನೆಯ ಅಜ್ಜಿಯ ಹತ್ತಿರ ಬಿಟ್ಟರು. ಮಧ್ಯಾಹ್ನ ಆ ಅಜ್ಜಿಗೆ ಜೊಂಪು ಹತ್ತಿದಾಗ ಮಗು ಎದ್ದು ಬಂದು ತನ್ನ ಮನೆಯ ಬಾಗಿಲು ತಟ್ಟುತ್ತಿತ್ತಂತೆ. ತಾಯಿ ಒಳಗಿನಿಂದ ಬಾಗಿಲಿಗೆ ಹಣೆಯೊತ್ತಿ, ಬರಬೇಡ ಕಂದ, ಬರಬೇಡ ಅನ್ನುತ್ತಿದ್ದರಂತೆ. ಒಂದು ದಿನ ಸದ್ದು ನಿಂತಿತು. ಮಾತು ಕೇಳಿದಳು, ಜಾಣೆ ಅಂದುಕೊಂಡರಂತೆ. ಸಂಜೆ ಎದುರುಮನೆಯಿಂದ ಆ ಅಜ್ಜಿಯ ಅಳು ಕೇಳಿಸಿತು. ಆಮೇಲೆ ಅವರು ಎಷ್ಟು ಮನೆ ಬದಲಿಸಿದರೂ ತಟ್ಟುವ ಸದ್ದು ಬರುತ್ತಲೇ ಇತ್ತು. ಪುಟ್ಟಿ ಹುಟ್ಟಿದ ಮೇಲೆ ದಿನಾ. ಬಾಗಿಲು ತೆಗೆದರೆ ಅವಳ ಜೊತೆ ಅವಳ ಜ್ವರವೂ ಒಳಗೆ ಬರುತ್ತದೆ ಎಂಬುದು ಅವರ ಭಯ. ಮಗಳಿಗೆ ಹೇಳಬೇಡ ಎಂದು ನನ್ನ ಎರಡೂ ಕೈ ಹಿಡಿದುಕೊಂಡರು. ಇಷ್ಟು ದಿನ ನಾನು ಪದ್ಧತಿ ಎಂದು ಗೌರವಿಸಿ ಪಕ್ಕಕ್ಕೆ ಮಡಿಸಿಟ್ಟಿದ್ದು ಪದ್ಧತಿಯೇ ಅಲ್ಲ, ಒಬ್ಬ ತಾಯಿಯ ಸಂಕಟ. ಮೊದಲೇ ಕೇಳಬೇಕಿತ್ತು ಅನ್ನಿಸಿತು. ಯಾಕಾದರೂ ಕೇಳಿದೆನೋ ಎಂದೂ ಅನ್ನಿಸಿತು.

ಹೋದ ವಾರ ಸೋಮವಾರ ಅವರು ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದರು. ನಾನು ಯಾರದೋ ಕೋಟಿನ ಜಿಪ್ಪು ಬಿಚ್ಚುತ್ತಿದ್ದೆ, ಪುಟ್ಟಿ ಪಕ್ಕದಲ್ಲಿ ಮಲಗಿದ್ದಳು. ಬಾಗಿಲ ಮೇಲಿನ ಗಾಜು ಬೆಳಗಿತು. ಆಮೇಲೆ ತಟ್ಟಿದ ಸದ್ದು. ಅದುವರೆಗೆ ನಾನದನ್ನು ಕೇಳಿರಲಿಲ್ಲ. ಜೀವಮಾನವೆಲ್ಲ ಜನರ ಅಳತೆ ತೆಗೆದವಳು ನಾನು, ಎತ್ತರದಲ್ಲಿ ಮೋಸಹೋಗುವುದಿಲ್ಲ. ಸದ್ದು ಬಾಗಿಲ ಹಿಡಿಗಿಂತ ಎಷ್ಟೋ ಕೆಳಗಿನಿಂದ ಬರುತ್ತಿತ್ತು. ಬಾಗಿಲ ಇಣುಕುಗಂಡಿಯಲ್ಲಿ ನೋಡಿದೆ. ಎದುರುಗೋಡೆ ಕಂಡಿತು, ಅಷ್ಟೇ. ಅಷ್ಟು ಕುಳ್ಳಗಿರುವವರು ಅದರಲ್ಲಿ ಕಾಣುವುದಿಲ್ಲ. ತಿರುಗಿ ನೋಡಿದರೆ ಪುಟ್ಟಿ ಎದ್ದಿದ್ದಳು, ಅಳುತ್ತಿರಲಿಲ್ಲ, ಬಾಗಿಲ ಕಡೆಗೇ ನೋಡುತ್ತಿದ್ದಳು. ದಿನಾ ಕೇಳಿ ಕೇಳಿ "ಬ್ಯೆ ಲಾಯ್" ನನ್ನ ನಾಲಿಗೆಯ ತುದಿಗೂ ಬಂದುಬಿಟ್ಟಿತ್ತು. ಆದರೆ ಮತ್ತೆ ತಟ್ಟಿತು, ಎಷ್ಟು ಮೆಲ್ಲಗೆ ಎಂದರೆ, ಬೈಸಿಕೊಂಡ ಮಗು ಇನ್ನೊಮ್ಮೆ ಕೇಳುವ ಹಾಗೆ. ಮನೆಬಾಗಿಲಿಗೆ ಬಂದ ಮಗುವನ್ನು ಹೊರಗೇ ನಿಲ್ಲಿಸುವುದು ಯಾರ ಪದ್ಧತಿ? ನಮ್ಮದಲ್ಲ. ಅವರದ್ದೂ ಅಲ್ಲ. ಒಳಗೆ ಬಾ ಎನ್ನುವ ಮಾತನ್ನು ನಿನ್ನ ಅತ್ತೆ ನನಗೆ ಕಲಿಸಿರಲೇ ಇಲ್ಲ. ಪಕ್ಕದ ಮನೆಯವಳು ಬಂದಾಗ ನಿನ್ನ ಹೆಂಡತಿ ತಮಾಷೆಗೆ ಅವಳಿಗೆ ಹೇಳುವುದನ್ನು ಕೇಳಿ ಕಲಿತದ್ದು. ಪುಟ್ಟಿಯನ್ನು ಎದೆಗೆ ಅವುಚಿಕೊಂಡು, ಚಿಲಕ ತೆಗೆದು, "ಜಿನ್ ಲಾಯ್" ಅಂದೆ. ರಾಗ ಸರಿ ಬಂತೋ ಇಲ್ಲವೋ. ಮೆಟ್ಟಿಲು ಖಾಲಿ. ಮೊಣಕಾಲಿನ ಮೇಲೆ ತಣ್ಣಗಿನ ಗಾಳಿ, ಬಟ್ಟೆಯಂಗಡಿಯಲ್ಲಿ ಮಕ್ಕಳು ಥಾನುಗಳ ನಡುವೆ ನುಸುಳಿಹೋಗುವಂತೆ, ನನ್ನ ಬಟ್ಟೆಯನ್ನು ಸವರಿ ಒಳಗೆ ಹೋಯಿತು. ದೀಪ ಆರಿತು.

ನಿನ್ನ ಅತ್ತೆ ಬಂದವರು ಹೊಸ್ತಿಲಲ್ಲೇ ನಿಂತರು. ನಾನು ಏನೂ ಹೇಳಬೇಕಾಗಲಿಲ್ಲ. ಪುಟ್ಟಿಯನ್ನು ನನ್ನ ಕೈಯಿಂದ ಕಿತ್ತುಕೊಂಡು ಹಣೆ ಮುಟ್ಟಿ ನೋಡಿದರು, ಆ ದಿನವೆಲ್ಲ ಮುಟ್ಟಿ ಮುಟ್ಟಿ ನೋಡಿದರು. ಮರುದಿನ ಪುಟ್ಟಿಯ ಮೈ ಬೆಚ್ಚಗಾಯಿತು. ನಿನಗೆ ಫೋನಿನಲ್ಲಿ ಹಲ್ಲಿನ ಜ್ವರ ಎಂದಷ್ಟೇ ಹೇಳಿದೆವು. ನನ್ನ ಜೀವ ಬಾಯಿಗೆ ಬಂದಿತ್ತು ಮಗನೇ.  ಸಂಜೆ ನಿನ್ನ ಹೆಂಡತಿ ಬಂದು ನಮ್ಮಿಬ್ಬರ ಮುಖ ನೋಡಿ ಏನಾಯಿತು ಎಂದು ಪಟ್ಟುಹಿಡಿದಳು. ಆಗ ಆ ತಾಯಿ ಮಗಳ ಎದುರು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದರು. ಸೊಸೆ ಕೇಳಿದ್ದು ಒಂದೇ ಮಾತು, ಅದು ನನಗೂ ತಿಳಿಯಿತು. "ನನಗೋಸ್ಕರಾನಾ?" ತಾಯಿ ಹೌದೆಂದು ತಲೆಯಾಡಿಸಿದರು. ಅವಳು ಅಳಲಿಲ್ಲ. ಎದ್ದು ಕೋಣೆಯ ನಡುವೆ ನಿಂತು, ಎಲ್ಲಿ ನೋಡಬೇಕೆಂದು ತಿಳಿಯದೆ ಸುತ್ತ ನೋಡಿ, "ಜ್ಯೆಜ್ಯೆ" ಎಂದು ಕರೆದಳು. ಬೆಳಗಾಗುವಷ್ಟರಲ್ಲಿ ಜ್ವರ ಇಳಿದಿತ್ತು, ಪುಟ್ಟಿಯ ಕೆಳದವಡೆಯಲ್ಲಿ ಎರಡು ಬಿಳಿ ಚುಕ್ಕೆ ಕಂಡವು. ಹಲ್ಲಿನ ಜ್ವರವೇ ಇರಬಹುದು.

ಅಂದಿನಿಂದ ಬಾಗಿಲು ತಟ್ಟುವ ಸದ್ದಿಲ್ಲ. ನಿನ್ನ ಅತ್ತೆ ಈಗ ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸುತ್ತಾರೆ, ನಾಲ್ಕರ ಹತ್ತಿರ ಸ್ವಲ್ಪ ತಡೆಯುತ್ತಾರೆ. ಹೊರಗೆ ಹೊರಡುವಾಗ ನಮ್ಮ ಭಾಷೆಯಲ್ಲೇ "ಹೋಗಿ ಬರ್ತೀನಿ" ಅನ್ನುತ್ತಾರೆ. ಹೇಳುವಾಗ ನನ್ನ ಮುಖ ನೋಡುವುದಿಲ್ಲ, ನನ್ನ ಪಕ್ಕಕ್ಕೆ, ಮಿಷಿನ್ನಿನ ಎತ್ತರಕ್ಕೆ ನೋಡುತ್ತಾರೆ. ನನ್ನ ನೂಲಿನ ಉಂಡೆಗಳು ಬೆಳಿಗ್ಗೆ ಮಿಷಿನ್ನಿನ ಕೆಳಗೆ ಬಣ್ಣದ ಪ್ರಕಾರ ಸಾಲಾಗಿ ನಿಂತಿರುತ್ತವೆ. ಪುಟ್ಟಿ ಅಲ್ಲಿಗೆ ಕೈಚಾಚಿ ಕೇಕೆ ಹಾಕುತ್ತಾಳೆ. ಅರ್ಧಂಬರ್ಧ ಕಲಿತ ಮಾತಿನಿಂದ ಇನ್ನೊಬ್ಬರ ದುಃಖದ ಚಿಲಕ ತೆಗೆದೆನಲ್ಲ, ಸರಿಯೋ ತಪ್ಪೋ, ನನಗಿನ್ನೂ ತೀರ್ಮಾನವಾಗಿಲ್ಲ. ಹೆದರಿಕೆ ಪೂರ್ತಿ ಹೋಗಿದೆ ಅಂತಲೂ ಹೇಳಲಾರೆ. ಆದರೆ ಮನೆಯಲ್ಲಿ ಈಗ ಯಾರೂ ಪಿಸುಗುಡುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಒದ್ದೆ ಕೈಯಲ್ಲಿ ಕರೆಂಟು ಮುಟ್ಟಬೇಡ. ನಿನ್ನ ಅತ್ತೆ ನಿನ್ನನ್ನು ಕೇಳಿದರೆಂದು ಬರೆಯಲು ಹೇಳಿದ್ದಾರೆ. ಕಡಲು ನಿನ್ನನ್ನು ಕ್ಷೇಮವಾಗಿ ದಡಕ್ಕೆ ತರಲಿ, ನನ್ನ ಆಯುಸ್ಸು ನಿನಗೂ ನಿನ್ನ ಮಗಳಿಗೂ ಸೇರಲಿ.

ನಿನ್ನ
ಅಮ್ಮ

ಬರೆಯಲೇಬೇಕಾದದ್ದನ್ನೇ ಬಿಟ್ಟಿದ್ದೆ, ಅಂಚೆಗೆ ಹೊತ್ತಾಗುತ್ತಿದೆ: ಮುಂದಿನ ಬಂದರಿನಲ್ಲಿ ಪುಟ್ಟಿಗೆ ಶೂ ಕೊಳ್ಳುತ್ತೇನೆ ಅಂದಿದ್ದೆಯಲ್ಲ. ಇನ್ನೊಂದು ಜೊತೆಯನ್ನೂ ತಾ, ನಾಲ್ಕು ವರ್ಷದ ಮಗುವಿನ ಅಳತೆಯದ್ದು. ನಿನ್ನ ಹೆಂಡತಿಯೇ ಬರೆಯಲು ಹೇಳಿದ್ದು. ಯಾರಿಗೆ ಎಂದು ಅಂಗಡಿಯವನು ಕೇಳಿದರೆ, ಮಗಳ ದೊಡ್ಡಮ್ಮನಿಗೆ ಅನ್ನು, ನಕ್ಕರೆ ನಗಲಿ. ಅಟ್ಟೆ ಮಾತ್ರ ಮೆತ್ತಗಿರಲಿ. ಓಡಾಡುವಾಗ ಸದ್ದಾದರೆ ಪುಟ್ಟಿಗೆ ಎಚ್ಚರವಾಗುತ್ತದೆ.